ಅರ್ಜಿದಾರರಾಗಿಯೇ ಉಳಿಯಬೇಕೆ?

ನಮ್ಮ ಸಂಘ-ಸಂಸ್ಥೆಗಳ ವಾರ್ಷಿಕ ಮಹಾಸಭೆಯನ್ನು ಒಮ್ಮೆಯಾದರೂ ಕಂಡವರು, ಹೊರನಾಡ ಕನ್ನಡಿಗರಿಗೆ ಚುನಾವಣೆಯಲ್ಲಿ ಆಸಕ್ತಿಯಿಲ್ಲವೆಂದು ಹೇಳಲಾರರು. ಗೌರವ ಕಾರ್ಯದರ್ಶಿಯ ಸ್ಥಾನಕ್ಕೆ ಇಬ್ಬರು ನಿಂತರೆ ಸಾಕು. ಎರಡು ಬಣ, ಎರಡು ಕರಪತ್ರ, ಡೊಂಬಿವಲಿಯಿಂದಲೂ ವಿರಾರದಿಂದಲೂ ಸದಸ್ಯರನ್ನು ಕರೆತರಲು ಗಾಡಿಗಳ ಏರ್ಪಾಡು, ಹತ್ತು ವರ್ಷ ಮುಖ ತೋರಿಸದಿದ್ದ ಆಜೀವ ಸದಸ್ಯರ ಹಠಾತ್ ದರ್ಶನ. ಸಭಾಗೃಹದ ಬಾಡಿಗೆಯ ಲೆಕ್ಕದ ಮೇಲೆ ಮಧ್ಯರಾತ್ರಿಯವರೆಗೆ ವಾದಿಸಬಲ್ಲ ಜನ ನಾವು. ಆದರೆ ಇದೇ ಮಂದಿಯನ್ನು, ಮಹಾನಗರ ಪಾಲಿಕೆಯಲ್ಲಿ ನಿಮ್ಮ ವಾರ್ಡಿನ ಪ್ರತಿನಿಧಿ ಯಾರೆಂದು ಕೇಳಿ ನೋಡಿ. ಹತ್ತರಲ್ಲಿ ಆರು ಮಂದಿ ತಲೆ ಕೆರೆದುಕೊಳ್ಳುತ್ತಾರೆ. ವಾರ್ಡಿನ ಸಂಖ್ಯೆಯನ್ನು ಕೇಳಿದರೆ ಉಳಿದ ನಾಲ್ವರೂ ಅವರನ್ನೇ ಸೇರಿಕೊಳ್ಳುತ್ತಾರೆ.

ಮುಂಬಯಿ ಮಹಾನಗರ ಪಾಲಿಕೆಗೆ 2017ರ ಫೆಬ್ರವರಿಯಲ್ಲಿ ಚುನಾವಣೆ ನಡೆಯಿತು. ಆ ಸಭೆಯ ಅವಧಿ 2022ರ ಮಾರ್ಚಿನಲ್ಲಿ ಮುಗಿಯಿತು. ಮುಂದಿನ ಚುನಾವಣೆ ನಡೆದದ್ದು 2026ರ ಜನವರಿಯಲ್ಲಿ. ನಡುವಿನ ಹೆಚ್ಚುಕಡಿಮೆ ನಾಲ್ಕು ವರ್ಷ ಈ ಮಹಾನಗರವನ್ನು ಒಬ್ಬ ಆಡಳಿತಾಧಿಕಾರಿ ನಡೆಸಿದರು. ಚುನಾಯಿತ ಸದಸ್ಯನೆಂಬ ಪ್ರಾಣಿಯೇ ಇರಲಿಲ್ಲ. ಆ ನಾಲ್ಕು ವರ್ಷಗಳಲ್ಲಿ ನಮ್ಮ ಯಾವ ವೇದಿಕೆಯ ಮೇಲಾದರೂ ಈ ಬಗ್ಗೆ ಒಂದು ಠರಾವು ಮಂಡನೆಯಾದದ್ದು ನಮಗೆ ನೆನಪಿಲ್ಲ. ಒಳನಾಡಿನವರು ನಗುವಂತೆಯೂ ಇಲ್ಲ. ಬೆಂಗಳೂರಿನ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಐದು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ, 2025ರಲ್ಲಿ ಅದನ್ನು ಐದು ಪಾಲಿಕೆಗಳಾಗಿ ಒಡೆದದ್ದಷ್ಟೇ ಆಯಿತು. ಆದರೆ ಅವರ ಮಾತು ಅವರಿಗೆ. ನಾವಿರುವ ಊರಿನ ಮಾತು ನಮ್ಮದು.

ಕನ್ನಡದ ಕೆಲಸಕ್ಕೂ ಪಾಲಿಕೆಗೂ ಏನು ಸಂಬಂಧವೆಂದು ಕೇಳುವವರುಂಟು. ಅವರಿಗಾಗಿ ಸಂವಿಧಾನದ 350ಎ ವಿಧಿಯನ್ನು ನೆನಪಿಸುವುದು ಅಗತ್ಯ. 1956ರ ಏಳನೆಯ ತಿದ್ದುಪಡಿಯಿಂದ ಸೇರ್ಪಡೆಯಾದ ಈ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ಸೌಲಭ್ಯವನ್ನು ಒದಗಿಸುವ ಹೊಣೆಯನ್ನು ರಾಜ್ಯಗಳ ಮೇಲಷ್ಟೇ ಅಲ್ಲ, ರಾಜ್ಯದೊಳಗಿನ ಪ್ರತಿಯೊಂದು ಸ್ಥಳೀಯ ಸಂಸ್ಥೆಯ ಮೇಲೂ ಹೊರಿಸಿದೆ. ಸಂವಿಧಾನಕಾರರು ಬೆಂಗಳೂರಿನ ಸಂಸ್ಕೃತಿ ಇಲಾಖೆಯನ್ನು ಹೆಸರಿಸಲಿಲ್ಲ. ನಾವು ತೆರಿಗೆ ಕಟ್ಟುವ ನಗರಸಭೆಯನ್ನು ಹೆಸರಿಸಿದರು. ಮುಂಬಯಿ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆಗಳನ್ನು ನಡೆಸಿಕೊಂಡು ಬಂದಿದೆ, ಅವುಗಳಲ್ಲಿ ಕನ್ನಡವೂ ಒಂದು. ಆ ಕನ್ನಡ ಶಾಲೆಗಳು ಒಂದೊಂದಾಗಿ ಬಡವಾದದ್ದನ್ನು ನಾವೆಲ್ಲ ಕಂಡಿದ್ದೇವೆ. ಮಕ್ಕಳಿಲ್ಲ ಎಂಬುದು ಅರ್ಧ ನಿಜ. ನಿವೃತ್ತರಾದ ಶಿಕ್ಷಕರ ಜಾಗ ತುಂಬುವುದಿಲ್ಲ, ಎರಡು ತರಗತಿಗಳನ್ನು ಒಂದು ಕೋಣೆಗೆ ಸೇರಿಸುತ್ತಾರೆ, ಆಮೇಲೆ ತಂದೆತಾಯಿಯರೇ ಮಕ್ಕಳನ್ನು ಬಿಡಿಸಿ ಬೇರೆಡೆ ಸೇರಿಸುತ್ತಾರೆ. ಕಡೆಗೆ ಮಕ್ಕಳಿಲ್ಲವೆಂಬ ವರದಿ ಸಿದ್ಧವಾಗುತ್ತದೆ. ಇದನ್ನು ತಡೆಯುವ ಮಾತು ಆಡಬೇಕಾದ ಸ್ಥಳ ಪಾಲಿಕೆಯ ಶಿಕ್ಷಣ ಸಮಿತಿ. ಅಲ್ಲಿ ಎದ್ದು ನಿಲ್ಲಲು ನಮ್ಮವನೊಬ್ಬನಿಲ್ಲ. ನಾವೋ, ಶಾಲೆ ಮುಚ್ಚಿದ ಮೇಲೆ ಬೆಂಗಳೂರಿಗೆ ನಿಯೋಗ ಹೋಗುತ್ತೇವೆ. ಅಲ್ಲಿಯ ಮಂತ್ರಿಗಳು ಶಾಲು ಹೊದೆಸಿ, ಮುಂಬಯಿಯ ಶಾಲೆಗೆ ತಾವೇನು ಮಾಡಲು ಸಾಧ್ಯವೆಂದು ನ್ಯಾಯವಾಗಿಯೇ ಕೇಳುತ್ತಾರೆ.

ನಮ್ಮ ಹಿರಿಯರು ಸಂಸ್ಥೆ ಕಟ್ಟುವುದರಲ್ಲಿ ಹಿಂದೆ ಬಿದ್ದವರಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದು, ಮೈಸೂರು ಅಸೋಸಿಯೇಶನ್ 1926ರದು, ಕರ್ನಾಟಕ ಸಂಘ 1933ರದು. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರಿಗಾಗಿ ರಾತ್ರಿಶಾಲೆಗಳನ್ನು ತೆರೆದು, ಅವರಲ್ಲಿ ಎಷ್ಟೋ ಮಂದಿಯನ್ನು ವಕೀಲರನ್ನಾಗಿಯೂ ಲೆಕ್ಕಪರಿಶೋಧಕರನ್ನಾಗಿಯೂ ಮಾಡಿದ ಕೀರ್ತಿ ಆ ಪೀಳಿಗೆಯದು. ಆದರೆ ಎಲ್ಲವನ್ನೂ ನಾವೇ ನಮ್ಮ ಹಣದಿಂದ ಮಾಡಿಕೊಳ್ಳಬೇಕು, ಸರಕಾರದ ಗೊಡವೆ ಬೇಡ ಎಂಬ ಆ ಸ್ವಾಭಿಮಾನವೇ ಕಾಲಕ್ರಮದಲ್ಲಿ ಒಂದು ಬಗೆಯ ಸಂಕೋಚವಾಗಿ ಮಾರ್ಪಟ್ಟಿತೋ ಏನೋ. ಪಾಲಿಕೆಯೆಂದರೆ ನಾವು ಪರವಾನಗಿ ಕೇಳಲು ಹೋಗುವ ಕಚೇರಿ. ಕುಳಿತುಕೊಳ್ಳಲು ಹೋಗುವ ಸಭೆಯಲ್ಲ ಎಂಬ ಭಾವನೆ ಬೇರೂರಿತು.

ಇದಕ್ಕೆ ಕಾರಣಗಳಿಲ್ಲವೆಂದಲ್ಲ. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲಿನ ವರ್ಷಗಳಲ್ಲಿ ದಕ್ಷಿಣದವರ ವಿರುದ್ಧ ನಡೆದ ಚಳವಳಿಯನ್ನೂ, ಉಡುಪಿ ಹೋಟೆಲುಗಳ ಮೇಲೆ ಬಿದ್ದ ಕಲ್ಲುಗಳನ್ನೂ ಕಂಡ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ತಲೆ ಎತ್ತದೆ ದುಡಿಯುವುದೇ ಕ್ಷೇಮವೆಂದು ಅವರು ಮಕ್ಕಳಿಗೆ ಹೇಳಿಕೊಟ್ಟಿದ್ದರೆ ತಪ್ಪೆನ್ನಲಾಗದು. ಹೋಟೆಲು ಉದ್ಯಮದ ಇಕ್ಕಟ್ಟು ಬೇರೆಯೇ. ಆರೋಗ್ಯ ಇಲಾಖೆಯ ಪರವಾನಗಿ, ಅಗ್ನಿಶಾಮಕ ದಳದ ಒಪ್ಪಿಗೆ, ಫಲಕದ ಶುಲ್ಕ, ನೀರಿನ ನಳ, ಎಲ್ಲವೂ ಪಾಲಿಕೆಯ ಕೈಯಲ್ಲಿ. ಅಡುಗೆಮನೆಯನ್ನು ನಾಲ್ಕು ಅಡಿ ಹಿಂದಕ್ಕೆ ಚಾಚಿಕೊಂಡವನು, ಬಾಗಿಲ ಮುಂದೆ ತಗಡಿನ ಚಪ್ಪರ ಇಳಿಬಿಟ್ಟವನು ಯಾರ ಎದುರಾಳಿಯಾಗಿ ನಿಂತಾನು? ಎಲ್ಲ ಪಕ್ಷಗಳಿಗೂ ಸಮನಾಗಿ ದೇಣಿಗೆ ಕೊಟ್ಟು, ಗೆದ್ದವರಿಗೆ ಹಾರ ಹಾಕುವುದು ಅವನ ರಾಜನೀತಿ. ಅಕ್ರಮ ಕಟ್ಟಡ ತನ್ನದಾಗಿರಲಿ, ಹೆಂಡತಿಯದಾಗಿರಲಿ, ಸದಸ್ಯತ್ವಕ್ಕೇ ಸಂಚಕಾರ ತರುತ್ತದೆಂದು ಪಾಲಿಕೆಯ ಕಾಯಿದೆಯೂ ಹೇಳುತ್ತದೆ. ಹೀಗಾಗಿ ನಮ್ಮಲ್ಲಿ ಹಣವುಳ್ಳವನು ಹೆದರುತ್ತಾನೆ, ಹೆದರದವನಿಗೆ ಹಣವಿಲ್ಲ.

ಹಣವಿಲ್ಲದೆಯೂ ಹೆದರದೆ ನಿಂತ ಒಬ್ಬರಿದ್ದರು. ಮಂಗಳೂರಿನಲ್ಲಿ 1930ರಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್, ತರುಣನಾಗಿ ಊರಿನ ಹೋಟೆಲು ಕಾರ್ಮಿಕರನ್ನು ಸಂಘಟಿಸಿ, ಅನಂತರ ಕೆಲಸ ಹುಡುಕುತ್ತ ಮುಂಬಯಿಗೆ ಬಂದವರು. ಚೌಪಾಟಿಯ ಬೆಂಚುಗಳ ಮೇಲೆ ಮಲಗಿ ರಾತ್ರಿ ಕಳೆದ ಆ ದಿನಗಳ ಕಥೆಯನ್ನು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಎಸ್. ಕೆ. ಪಾಟೀಲರಂಥ ಘಟಾನುಘಟಿಯನ್ನು ಸೋಲಿಸಿ ಲೋಕಸಭೆಗೆ ಹೋದದ್ದನ್ನು ಇನ್ನೂ ಹೆಚ್ಚು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಈ ಎರಡು ಕಥೆಗಳ ನಡುವಿನ ಅಧ್ಯಾಯವನ್ನು ಮಾತ್ರ ಹಾರಿಸಿಬಿಡುತ್ತೇವೆ. 1961ರಿಂದ 1968ರವರೆಗೆ ಅವರು ಮುಂಬಯಿ ಪಾಲಿಕೆಯ ಸದಸ್ಯರಾಗಿದ್ದರು. ಟ್ಯಾಕ್ಸಿ ಚಾಲಕರ, ಪಾಲಿಕೆಯದೇ ಕಾರ್ಮಿಕರ ಅಳಲನ್ನು ಹೊತ್ತು ಆ ಸಭೆಯಲ್ಲಿ ನಿಂತು ಮಾತನಾಡಿದ ಆರು ವರ್ಷಗಳ ಮೇಲೆ ಅವರು ಪಾಟೀಲರನ್ನು ಎದುರಿಸಿದರು. ಆ ಪಾಟೀಲರೂ ಮೂರು ಬಾರಿ ಇದೇ ನಗರದ ಮೇಯರ್ ಆಗಿದ್ದವರೇ ಎಂಬುದನ್ನು ಮರೆಯಬಾರದು. ಇಬ್ಬರೂ ಒಂದೇ ಗರಡಿಯಲ್ಲಿ ಪಳಗಿದವರು.

ಜಾರ್ಜ್ ಫರ್ನಾಂಡಿಸರಿಗೆ ಮಂಗಳೂರಿನವರೆಂಬ ಕಾರಣಕ್ಕೆ ಮತ ಬೀಳಲಿಲ್ಲ. ಅವರ ಮನೆಮಾತು ಕೊಂಕಣಿ. ಬೀದಿಯಲ್ಲಿ ಮರಾಠಿ, ಹಿಂದಿ. ಊರಿನವರು ಸಿಕ್ಕರೆ ಕನ್ನಡ, ತುಳು. ಅವರಿಗಿಂತ ತೀರ ಬೇರೆಯಾದ, ಎದುರು ದಿಕ್ಕಿನ ರಾಜಕೀಯದಲ್ಲಿ ಬೆಳೆದ ಗೋಪಾಲ ಶೆಟ್ಟಿಯವರ ದಾರಿಯೂ ಇದೇ. ಪಾಲಿಕೆಯ ಸದಸ್ಯರಾಗಿ, ಉಪಮೇಯರ್ ಆಗಿ, ಕಾಂದಿವಲಿ-ಬೊರಿವಲಿಯ ಉದ್ಯಾನಗಳಿಂದ ಹೆಸರಾಗಿ, 2004ರಲ್ಲಿ ಶಾಸಕರಾಗಿ, 2014 ಮತ್ತು 2019ರಲ್ಲಿ ಉತ್ತರ ಮುಂಬಯಿಯ ಸಂಸದರಾದರು. ಇಬ್ಬರ ವಿಚಾರಗಳನ್ನೂ ಒಪ್ಪುವ ಓದುಗರು ಸಿಗುವುದು ಕಷ್ಟ; ನಾವೂ ಆ ತಕ್ಕಡಿ ಹಿಡಿಯುವುದಿಲ್ಲ. ಆದರೆ ಇಬ್ಬರೂ ಮೋರಿ, ನಳ, ರಸ್ತೆಯ ಬಾಗಿಲಿನಿಂದಲೇ ಒಳಹೊಕ್ಕವರು. ಜಾತಿಯ ಸಂಘದ, ಭಾಷೆಯ ಸಂಘದ ಬಾಗಿಲಿನಿಂದಲ್ಲ.

ಅಂಕಿ-ಸಂಖ್ಯೆಗಳನ್ನು ನೋಡಿದರೆ ಈ ಮಾತಿನ ಅರ್ಥ ಇನ್ನಷ್ಟು ಸ್ಪಷ್ಟವಾದೀತು. ಮುಂಬಯಿಯಲ್ಲಿ 227 ವಾರ್ಡುಗಳು. 2011ರ ಜನಗಣತಿಯ ಲೆಕ್ಕದಲ್ಲಿ ವಾರ್ಡಿಗೆ ಸರಾಸರಿ 54,000ಕ್ಕೂ ಹೆಚ್ಚು ಜನ. ಬರೀ ಕನ್ನಡಿಗರ ಮತದಿಂದ ಗೆಲ್ಲಬಹುದಾದ ವಾರ್ಡು ಒಂದೂ ಇರಲಾರದು. ಅದರಲ್ಲೂ ಸಂಘದ ಸಭೆಯಲ್ಲಿ ನಾವೆಲ್ಲ ಕನ್ನಡಿಗರಾದರೂ, ಜನಗಣತಿಯ ಪುಸ್ತಕದಲ್ಲಿ ತುಳುವರು ಬೇರೆ, ಕೊಂಕಣಿಗರು ಬೇರೆ. ಆ ಪುಸ್ತಕದಂತೆ ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 10 ಲಕ್ಷ. ಅವರಲ್ಲಿ ಬಹುಮಂದಿ ಸೊಲ್ಲಾಪುರ, ಸಾಂಗಲಿ, ಕೊಲ್ಹಾಪುರಗಳಲ್ಲಿ ತಲೆತಲಾಂತರದಿಂದ ಇರುವವರು. ಆದರೆ ಗೆಲುವಿನ ಅಂತರಗಳನ್ನು ನೋಡಿ. 2017ರಲ್ಲಿ ಮತ ಹಾಕಿದವರು ನೂರಕ್ಕೆ ಸುಮಾರು 55 ಮಂದಿ. ಗಿರಗಾಂವ್ ಭಾಗದ 220ನೆಯ ವಾರ್ಡಿನಲ್ಲಿ ಇಬ್ಬರು ಉಮೇದುವಾರರಿಗೆ ಸಮಸಮನಾಗಿ, ಆರು ಸಾವಿರದೊಳಗಿನ ಮತ ಬಿದ್ದು, ಕಡೆಗೆ ಚೀಟಿ ಎತ್ತಿ ತೀರ್ಮಾನಿಸಬೇಕಾಯಿತು. ಅಲ್ಲಿ ಒಂದೇ ಒಂದು ಮನೆಯವರು ಅಂದು ಸಿನಿಮಾಕ್ಕೆ ಹೋಗದೆ ಮತಗಟ್ಟೆಗೆ ಹೋಗಿದ್ದರೆ ಚೀಟಿಯ ಅಗತ್ಯವಿರುತ್ತಿರಲಿಲ್ಲ. ಅಂತಹ ಕಡೆ ಐನೂರು ಮತಗಳನ್ನು ಒಟ್ಟಾಗಿ ಕೊಡಬಲ್ಲ ಒಂದು ಸಮುದಾಯಕ್ಕೆ ತನ್ನ ಶಾಲೆಯ ಶಿಕ್ಷಕನನ್ನು ಕೇಳಿ ಪಡೆಯುವುದು ಕಷ್ಟವಾಗದು.

ಒಟ್ಟಾಗಿ ಕೊಡಬಲ್ಲ ಎಂದೆವು. ಮೊದಲು ಮತವಾದರೂ ಇರಬೇಕಲ್ಲ! ಇಲ್ಲಿಯೇ ನಮ್ಮ ದೊಡ್ಡ ಲೋಪವಿರುವುದು. ಕರ್ನಾಟಕದಲ್ಲಿ ವಿಧಾನಸಭೆಯ ಚುನಾವಣೆ ಬಂತೆಂದರೆ ಮುಂಬಯಿ, ಪುಣೆಗಳಿಂದ ಊರಿಗೆ ಬಸ್ಸುಗಳು ತುಂಬಿ ಹೊರಡುತ್ತವೆ. ಅಲ್ಲಿಯ ನಾಯಕರು ಇಲ್ಲಿಗೆ ಬಂದು ನಮ್ಮ ಸಭಾಗೃಹಗಳಲ್ಲಿಯೇ ಸಭೆ ನಡೆಸುತ್ತಾರೆ, ಊಟವೂ ಚೆನ್ನಾಗಿಯೇ ಇರುತ್ತದೆ. ಊರಿನ ಮತಪಟ್ಟಿಯಲ್ಲಿ ಹೆಸರಿರುವುದು ನಮಗೊಂದು ಭಾವನಾತ್ಮಕ ಸಂಬಂಧ. ಅಜ್ಜನ ಮನೆಯ ಕಂಬವನ್ನು ಹಿಡಿದುಕೊಂಡಂತೆ. ಅದನ್ನು ಹೀಗಳೆಯುವ ಮನಸ್ಸು ನಮಗಿಲ್ಲ. ಆದರೆ 1950ರ ಪ್ರಜಾಪ್ರತಿನಿಧಿತ್ವ ಕಾಯಿದೆಯ 17ನೆಯ ಕಲಮಿನಂತೆ ಒಬ್ಬನ ಹೆಸರು ಒಂದಕ್ಕಿಂತ ಹೆಚ್ಚು ಕ್ಷೇತ್ರಗಳಲ್ಲಿ ಇರುವಂತಿಲ್ಲ. ಊರಿನಲ್ಲಿ ಮನೆಯಿದೆ ಎಂಬ ಒಂದೇ ಕಾರಣದಿಂದ ಅಲ್ಲಿಯ ನಿವಾಸಿಯಾಗುವುದೂ ಇಲ್ಲವೆಂದು 20ನೆಯ ಕಲಮು ಹೇಳುತ್ತದೆ. ಪಾಲಿಕೆಯ ಮತಪಟ್ಟಿ ಬೇರೆ ತಯಾರಾಗುವುದಿಲ್ಲ. ವಿಧಾನಸಭೆಯ ಪಟ್ಟಿಯನ್ನೇ ವಾರ್ಡುಗಳಿಗೆ ಹಂಚುತ್ತಾರೆ. ಆ ಪಟ್ಟಿಯಲ್ಲಿ ಇಲ್ಲದವನಿಗೆ ಮತವೂ ಇಲ್ಲ, ನಾಮಪತ್ರವೂ ಇಲ್ಲ. ಐದು ವರ್ಷಕ್ಕೊಮ್ಮೆ ಊರಿಗೆ ಹೋಗಿ ಮತ ಹಾಕಿ ಬರುವವನು, ಉಳಿದ ಒಂದು ಸಾವಿರದ ಎಂಟುನೂರು ದಿನ ಕುಡಿಯುವುದು ಇಲ್ಲಿಯ ನೀರನ್ನೇ.

ಈ ವಿಷಯದಲ್ಲಿ ಎಲ್ಲರ ಅವಸ್ಥೆಯೂ ಒಂದೇ ಅಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಕಲಬುರ್ಗಿ, ಯಾದಗಿರಿ, ವಿಜಯಪುರಗಳಿಂದ ಬಂದು ಕಟ್ಟಡದ ಕೆಲಸದಲ್ಲಿ, ರಸ್ತೆಯ ಕೆಲಸದಲ್ಲಿ ಬೆನ್ನು ಬಾಗಿಸಿದ ಕನ್ನಡಿಗರಿಗೆ ನಮ್ಮ ಸಂಘಗಳ ಪತ್ರಿಕೆ ತಲಪುವುದಿಲ್ಲ. ಅವರ ಝೋಪಡಪಟ್ಟಿಗಳಿಗೆ ನಾವೂ ತಲಪಿಲ್ಲ. ಪಾಲಿಕೆಯ ನಿಜವಾದ ಅಗತ್ಯವಿರುವವರು ಅವರು. ಅವರಲ್ಲಿ ದಲಿತರೇ ಹೆಚ್ಚು. ಪಾಲಿಕೆಯಲ್ಲಿ ಪರಿಶಿಷ್ಟ ಜಾತಿಗೆ ಮೀಸಲಾದ ವಾರ್ಡುಗಳಿವೆಯಲ್ಲ, ಅಲ್ಲಿ ನಿಲ್ಲಬಹುದಲ್ಲ ಎಂದು ಯಾರಾದರೂ ಹೇಳಿಯಾರು. ಆಗದು. ಪರಿಶಿಷ್ಟ ಜಾತಿಗೆ 1950ರ ಆಗಸ್ಟ್ 10, ಅಲೆಮಾರಿ ಬುಡಕಟ್ಟುಗಳಿಗೆ 1961ರ ನವೆಂಬರ್ 21, ಹಿಂದುಳಿದ ವರ್ಗಗಳಿಗೆ 1967ರ ಅಕ್ಟೋಬರ್ 13, ಈ ದಿನಾಂಕಗಳಿಗೆ ಮೊದಲೇ ಕುಟುಂಬ ಮಹಾರಾಷ್ಟ್ರದಲ್ಲಿ ನೆಲೆಸಿತ್ತೆಂದು ಕಾಗದಪತ್ರ ತೋರಿಸಿದವನಿಗಷ್ಟೇ ಇಲ್ಲಿಯ ಜಾತಿ ಪ್ರಮಾಣಪತ್ರದ ಪ್ರಯೋಜನ. ಒಂದು ರಾಜ್ಯದ ಪರಿಶಿಷ್ಟನು ಇನ್ನೊಂದು ರಾಜ್ಯಕ್ಕೆ ಹೋದೊಡನೆ ಅಲ್ಲಿಯ ಪರಿಶಿಷ್ಟನಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1990ರಲ್ಲಿ ತೀರ್ಪಿತ್ತಿತು. ಆ ಮೊಕದ್ದಮೆ ಹುಟ್ಟಿದ್ದೂ ಮುಂಬಯಿ ಪಾಲಿಕೆಯದೇ ವೈದ್ಯಕೀಯ ಕಾಲೇಜಿನ ಪ್ರವೇಶದ ಪ್ರಶ್ನೆಯಿಂದ. ತೀರ್ಪಿನ ತರ್ಕ ನಮಗೆ ಅರ್ಥವಾಗದೆ ಇಲ್ಲ. ಆದರೆ ಅಸ್ಪೃಶ್ಯತೆ ಸೊಲ್ಲಾಪುರದ ಗಡಿಯಲ್ಲಿ ರೈಲಿನಿಂದಿಳಿದು ಹಿಂದಕ್ಕೆ ಹೋಗುವುದಿಲ್ಲ. ಇನ್ನೂ ಒಂದು ವಿಡಂಬನೆಯಿದೆ: 1956ರ ನವೆಂಬರ್ 1ರವರೆಗೆ ಬಿಜಾಪುರ, ಬೆಳಗಾವಿ, ಧಾರವಾಡ, ಕಾರವಾರಗಳು ಮುಂಬಯಿ ರಾಜ್ಯದ ಜಿಲ್ಲೆಗಳೇ ಆಗಿದ್ದವು. ತನ್ನದೇ ರಾಜ್ಯದ ರಾಜಧಾನಿಗೆ ಕೂಲಿಗೆಂದು ಬಂದ ಅಜ್ಜ, ತಾನು ಕುಳಿತಲ್ಲಿಂದ ಕದಲದೆಯೇ ಹೊರನಾಡಿಗನಾದ. ಅವನ ಕಾಲದ ಮಸ್ಟರಿನ ಚೀಟಿಯನ್ನೋ ಶಾಲೆಯ ದಾಖಲೆಯನ್ನೋ ಯಾರು ಜೋಪಾನ ಮಾಡಿದ್ದಾರೆ? ಗಣೇಶೋತ್ಸವದ ಶಾಮಿಯಾನಕ್ಕೆ ಲಕ್ಷಗಟ್ಟಲೆ ವೆಚ್ಚ ಮಾಡುವ ನಮ್ಮ ಸಂಘಗಳು ಇಂತಹ ನೂರು ಕುಟುಂಬಗಳ ಕಾಗದಪತ್ರ ಹುಡುಕಲು ಒಬ್ಬ ಗುಮಾಸ್ತನನ್ನು ಇಟ್ಟಿದ್ದರೆ ಎಷ್ಟು ಚೆನ್ನಾಗಿತ್ತು.

ಸಾಮಾನ್ಯ ವಾರ್ಡುಗಳು ಎಲ್ಲರಿಗೂ ತೆರೆದಿವೆ. ಇಪ್ಪತ್ತೊಂದು ವರ್ಷ ತುಂಬಿ, ನಗರದ ಮತಪಟ್ಟಿಯಲ್ಲಿ ಹೆಸರಿದ್ದರಾಯಿತು. ಸ್ವಂತ ವಾರ್ಡಿನಲ್ಲಿಯೇ ನಿಲ್ಲಬೇಕೆಂದಿಲ್ಲ. ಮಹಾರಾಷ್ಟ್ರದಲ್ಲಿ 2011ರಿಂದ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ನಮ್ಮ ಮಹಿಳಾ ವಿಭಾಗಗಳನ್ನು ನಾವು ಅರಸಿನ-ಕುಂಕುಮಕ್ಕೂ ಸ್ವಾಗತಗೀತೆಗೂ ಸೀಮಿತಗೊಳಿಸಿದ್ದೇವೆ. ಆದರೆ ಗೃಹನಿರ್ಮಾಣ ಸಂಘದ ಟ್ಯಾಂಕಿಗೆ ನೀರು ಎಷ್ಟು ಗಂಟೆಗೆ ಬರುತ್ತದೆ, ಯಾವ ಅಧಿಕಾರಿಯನ್ನು ಹಿಡಿದರೆ ಕಸದ ಗಾಡಿ ಒಳಗಿನ ಗಲ್ಲಿಗೆ ಬರುತ್ತದೆ ಎಂಬುದನ್ನು ಬಲ್ಲವರು ಅವರೇ. ಮನೆಗೆಲಸದವಳೊಡನೆ, ತರಕಾರಿಯವನೊಡನೆ ದಿನವೂ ಮಾತನಾಡಿ ಅವರಿಗೆ ಬಂದ ಮರಾಠಿ, ಮೂವತ್ತು ವರ್ಷ ಬ್ಯಾಂಕಿನಲ್ಲಿ ಇಂಗ್ಲಿಷಿನಲ್ಲಿ ಕಳೆದ ಗಂಡಂದಿರಿಗೆ ಬಂದಿಲ್ಲ. ಪಾಲಿಕೆಯ ಕಲಾಪ ನಡೆಯುವುದು ಮರಾಠಿಯಲ್ಲಿ. ಮರಾಠಿಯಲ್ಲಿ ಅರ್ಧ ಗಂಟೆ ನಿರರ್ಗಳವಾಗಿ ಮಾತನಾಡಲಾರದವನು ಕನ್ನಡ ಶಾಲೆಯನ್ನೂ ಉಳಿಸಲಾರ. ಇದು ಕೆಲವರ ಕಿವಿಗೆ ಕಹಿಯಾಗಬಹುದು.

ನಾವು ನಿಲ್ಲಬೇಕಾದದ್ದು ಕನ್ನಡಿಗರ ಉಮೇದುವಾರರಾಗಿ ಅಲ್ಲ ಎಂಬುದನ್ನು ಒತ್ತಿ ಹೇಳಲು ಇನ್ನೊಂದು ಕಾರಣವಿದೆ. ಬೆಳಗಾವಿಯ ಪಾಲಿಕೆಯಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿ ಬಹುಕಾಲ ಬಹುಮತದಲ್ಲಿತ್ತು. 2005ರಲ್ಲಿ ನಗರವನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕೆಂಬ ಠರಾವನ್ನು ಅದು ಅಂಗೀಕರಿಸಿತು. ಕರ್ನಾಟಕ ಸರಕಾರ ಪಾಲಿಕೆಯನ್ನೇ ವಿಸರ್ಜಿಸಿತು. ಬೆಂಗಳೂರಿನಲ್ಲಿ ಮೇಯರರ ಮುಖಕ್ಕೆ ಮಸಿ ಬಳಿದರು. ಆ ಮಸಿಯನ್ನು ಕಂಡು ಒಳಗೊಳಗೇ ಸಂತೋಷಪಟ್ಟವರು ನಮ್ಮಲ್ಲೂ ಇದ್ದರು. ಹೊರನಾಡಿನಲ್ಲಿರುವ ನಾವು ಹಾಗೆ ಸಂತೋಷಪಡುವಂತಿಲ್ಲ. ಅಲ್ಲಿಯ ಮರಾಠಿಗನ ಸ್ಥಾನದಲ್ಲಿ ಇಲ್ಲಿ ನಿಂತಿರುವವರು ನಾವು. ಹಾಗೆಯೇ ಆ ಠರಾವನ್ನು ಮೆಚ್ಚುವಂತೆಯೂ ಇಲ್ಲ. ಗಡಿಯನ್ನು ಕದಲಿಸುವ ಅಧಿಕಾರ ಯಾವ ನಗರಸಭೆಗೂ ಇಲ್ಲ, ಒಳಚರಂಡಿಯನ್ನು ಸರಿಪಡಿಸುವ ಅಧಿಕಾರ ಇದೆ. 2021ರ ಚುನಾವಣೆಯಲ್ಲಿ ಬೆಳಗಾವಿಯ 58 ಸ್ಥಾನಗಳಲ್ಲಿ 35 ರಾಷ್ಟ್ರೀಯ ಪಕ್ಷವೊಂದರ ಪಾಲಾಗಿ, ಸಮಿತಿ ಬೆರಳೆಣಿಕೆಗೆ ಇಳಿಯಿತು. ಆದರೆ ಆ ಪಕ್ಷದಿಂದ ಗೆದ್ದವರಲ್ಲಿಯೂ ಮರಾಠಿ ಮನೆಮಾತಿನವರು ಹಲವರಿದ್ದರು. ಭಾಷೆ ಸೋಲಲಿಲ್ಲ, ಭಾಷೆಯೊಂದನ್ನೇ ಹಿಡಿದ ರಾಜಕೀಯ ಸೋತಿತು.

ಕಾಸರಗೋಡಿನ ಸ್ಥಿತಿ ಬೇರೆ. ಅಲ್ಲಿಯ ಕನ್ನಡಿಗರು ಮಣ್ಣಿನ ಮಕ್ಕಳು, ಸ್ಥಳೀಯ ಚುನಾವಣೆಯ ಮತಪತ್ರ ಅವರಿಗೆ ಕನ್ನಡದಲ್ಲಿಯೂ ಸಿಗುತ್ತದೆ. ಚೆನ್ನೈಯ 200 ವಾರ್ಡುಗಳಲ್ಲಿ (2022ರ ಲೆಕ್ಕ), ದೆಹಲಿಯ 250ರಲ್ಲಿ (ಅದೂ 2022ರದೇ) ಇರುವ ನಮ್ಮವರು ಮುಂಬಯಿಗಿಂತಲೂ ಚದುರಿದ್ದಾರೆ. ಪುಣೆ, ಠಾಣೆಗಳಲ್ಲಿ ಒಂದೊಂದು ಪ್ರಭಾಗದಿಂದ ಹಲವರನ್ನು ಆರಿಸುವ ಪದ್ಧತಿಯಿರುವುದರಿಂದ ಪಕ್ಷದ ಬಲವಿಲ್ಲದೆ ಒಂಟಿಯಾಗಿ ನಿಲ್ಲುವುದು ಕಠಿಣ. ಆಯಾ ಊರಿನವರು ಆಯಾ ದಾರಿ ಕಂಡುಕೊಳ್ಳಬೇಕು. ನಾಮನಿರ್ದೇಶನದ ದಾರಿ ಮಾತ್ರ ಬೇಡ. ಪ್ರತಿ ಬಾರಿ ಹೊಸ ಪಾಲಿಕೆ ರಚನೆಯಾದಾಗಲೂ ನಮ್ಮ ಕೆಲವು ಗಣ್ಯರು ನಾಮಕರಣ ಸದಸ್ಯರಾಗಲು ಓಡಾಡುತ್ತಾರೆಂಬುದು ಗುಟ್ಟಿನ ಸಂಗತಿಯಲ್ಲ. ಸಂವಿಧಾನದ 243ಆರ್ ವಿಧಿಯಂತೆ ನಾಮಕರಣ ಸದಸ್ಯರಿಗೆ ಸಭೆಯಲ್ಲಿ ಮತವಿಲ್ಲ. ಅಲ್ಲಿಯೂ ಹೋಗಿ ನಾವು ಅರ್ಜಿದಾರರೇ ಆಗುವುದಾದರೆ ಈಗಿರುವ ಸ್ಥಿತಿಯೇ ವಾಸಿ.

ನಮ್ಮ ಸಂಘದ ಕಾರ್ಯಕಾರಿ ಸಮಿತಿ ತನ್ನ ಮಟ್ಟಿಗೆ ಎರಡು ತೀರ್ಮಾನಗಳನ್ನು ಕೈಗೊಂಡಿದೆ. ಸಂಘವಾಗಿ ನಾವು ಯಾವ ಪಕ್ಷವನ್ನೂ ಬೆಂಬಲಿಸುವುದಿಲ್ಲ; ಆದರೆ ಸದಸ್ಯರಾರೇ ಪಾಲಿಕೆಗೆ ನಿಂತರೂ ಅವರಿಗೆ ಸಭಾಗೃಹದಲ್ಲಿ ಒಂದು ಸಂಜೆ, ಉಳಿದವರಿಗೆ ಕೊಡುವಷ್ಟೇ ಸಮಯವನ್ನು ಕೊಡುತ್ತೇವೆ, ಅಂದು ಕಠಿಣ ಪ್ರಶ್ನೆಗಳನ್ನು ಕೇಳುವ ಹಕ್ಕನ್ನೂ ಉಳಿಸಿಕೊಳ್ಳುತ್ತೇವೆ. ಎರಡನೆಯದು, ಪ್ರತಿ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಗ್ರಂಥಾಲಯದ ಕೋಣೆಯಲ್ಲಿ ಇಬ್ಬರು ಕಾರ್ಯಕರ್ತರು ಕುಳಿತಿರುತ್ತಾರೆ. ಮತಪಟ್ಟಿಗೆ ಹೊಸದಾಗಿ ಹೆಸರು ಸೇರಿಸಲು 6ನೆಯ ನಮೂನೆಯನ್ನು ತುಂಬಿಸಿಕೊಡುತ್ತಾರೆ. ಊರಿನ ಪಟ್ಟಿಯಿಂದ ಹೆಸರನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳುವ ಕ್ರಮವನ್ನೂ ತಿಳಿಸಿಕೊಡುತ್ತಾರೆ. ಬರುವಾಗ ವಾಸದ ಪುರಾವೆಯನ್ನೂ ಒಂದು ಭಾವಚಿತ್ರವನ್ನೂ ತರಬೇಕು. ಮನೆಗೆಲಸಕ್ಕೆ ಬರುವ, ಕಟ್ಟಡದ ಕಾವಲಿಗಿರುವ ಕನ್ನಡಿಗರು ನಿಮ್ಮ ಪರಿಚಯದಲ್ಲಿದ್ದರೆ ಅವರನ್ನೂ ಜೊತೆಗೆ ಕರೆತನ್ನಿ. ಮೊದಲ ಭಾನುವಾರ ಬಂದವರು ಏಳು ಮಂದಿ, ಅವರಲ್ಲಿ ನಾಲ್ವರು ಸಮಿತಿಯವರೇ.